ಬಾಯಾಡಿಸಲು ಏನಾದರೂ

ಹಾವೇರಿ ಜಿಲ್ಲೆಯ ಯಾವ ಊರಿನ ಯಾವ ಮನೆಗೆ ಹೋದರೂ ಬಂದವರು ಹೊಸ್ತಿಲು ದಾಟುತ್ತಲೇ ಆಡುವ ಮೊದಲ ಮಾತು ಒಂದೇ: "ಏನೂ ಮಾಡಬ್ಯಾಡ್ರಿ ಅಕ್ಕಾರ, ಈಗಷ್ಟ ಉಂಡ ಬಂದೇವಿ." ಮನೆಯಾಕೆಯ ಉತ್ತರವೂ ಅಷ್ಟೇ ಹಳೆಯದು: "ಹಂಗೆಂಗ ಆಕ್ಕೈತ್ರಿ, ಒಂದೀಟ ಬಾಯಾಡಸ್ರಿ." ಅಷ್ಟು ಹೇಳಿ ಆಕೆ ಒಳಗೆ ಹೋಗುತ್ತಾಳೆ. ಪಡಸಾಲೆಯಲ್ಲಿ ಮಳೆ-ಬೆಳೆಯ ಮಾತು ಶುರುವಾಗುತ್ತದೆ. ಒಳಗೆ ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಕೇಳುತ್ತದೆ. ಕೊಟ್ಟ ನೀರು ಕುಡಿದು ತಂಬಿಗೆ ಕೆಳಗಿಟ್ಟ ಹೊತ್ತಿಗೂ ಚಹಾದ ಕಪ್ಪು ಕೈಗೆ ಬರುವ ಹೊತ್ತಿಗೂ ನಡುವೆ ಹತ್ತೋ ಹದಿನೈದೋ ನಿಮಿಷದ ಒಂದು ತೆರಪು ಇರುತ್ತದೆ. ಮನೆಯಾಕೆಗೆ ಇಡೀ ಊಟದ ಅಡುಗೆಗಿಂತ ಹೆಚ್ಚಿನ ಧಾವತಿ ಕೊಡುವುದು ಈ ಪುಟ್ಟ ತೆರಪೇ.

ಏಕೆಂದರೆ ಊಟಕ್ಕೆ ತಯಾರಿ ಇರುತ್ತದೆ, ಬಾಯಾಡಿಸುವುದಕ್ಕೆ ಇರುವುದಿಲ್ಲ. ಬೀಗರು ಹೇಳಿ ಬಂದರೆ ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಇಡಬಹುದು. ಹೇಳದೆ ಬಂದ ಅಳಿಯನ ಮುಂದೆ ಖಾಲಿ ಕೈಯಲ್ಲಿ ನಿಲ್ಲುವುದು ಹೇಗೆ? ಹಾನಗಲ್ಲಿನ ಕಡೆ ಅಕ್ಕಿಯ ಸೀಮೆ, ಮಲೆನಾಡಿನ ಸೆರಗು. ಅಲ್ಲಿ ಅವಲಕ್ಕಿಯೋ ಮಂಡಕ್ಕಿಯೋ ಒಗ್ಗರಣೆ ಕಂಡು ಐದು ನಿಮಿಷದಲ್ಲಿ ತಟ್ಟೆಗೆ ಬರುತ್ತದೆ. ಹತ್ತಿ ಮತ್ತು ಗೋವಿನಜೋಳದ ಹಿರೇಕೆರೂರಿನ ಕಡೆ ಹುರಿದ ಶೇಂಗಾ, ಬೆಲ್ಲ, ಹುರಿಗಡಲೆ. ಶಿಗ್ಗಾವಿ ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿಗೇ ಇರುವ ಊರು. ಅಲ್ಲಿ ಹುಡುಗನೊಬ್ಬನನ್ನು ಬಸ್ ನಿಲ್ದಾಣದ ಕಡೆ ಓಡಿಸಿದರೆ ಬಿಸಿ ಮಿರ್ಚಿ ಕಾಗದದ ಪೊಟ್ಟಣದಲ್ಲಿ ಬಂದುಬಿಡುತ್ತದೆ. ಸವಣೂರಿನವರಿಗಂತೂ ಚಿಂತೆಯೇ ಇಲ್ಲ. ಅವರ ಊರ ಹೆಸರಿನ ಖಾರವೇ ನಾಡಿನ ಬಸ್ಸುಗಳಲ್ಲೆಲ್ಲ ಸಂಚಾರ ಮಾಡುತ್ತದೆ.

ಸವಣೂರಿನ ಬಗ್ಗೆ ಇಲ್ಲಿ ಒಂದು ಮಾತು ಹೆಚ್ಚಿಗೆ ಹೇಳಬೇಕು. ಅದು ನವಾಬರ ಊರು; ಸ್ವಾತಂತ್ರ್ಯ ಬರುವವರೆಗೂ ಸುತ್ತಲಿನ ಧಾರವಾಡ ಜಿಲ್ಲೆಯ ನಡುವೆ ಪುಟ್ಟ ಸಂಸ್ಥಾನವಾಗಿ ಉಳಿದಿದ್ದ ಊರು. ಅತಿಥಿ ಸತ್ಕಾರದ ಎರಡು ತುದಿಗಳನ್ನೂ ಈ ಒಂದೇ ಊರು ಹಿಡಿದಿದೆ. ಬಂದ ಕೂಡಲೇ ತಟ್ಟೆಗೆ ಬೀಳುವ ಖಾರ ಅಲ್ಲಿಯದು, ಹೊರಡುವಾಗ ಕೈಗೆ ಕೊಡುವ ವೀಳ್ಯದೆಲೆಯೂ ಅಲ್ಲಿಯದು. ಸವಣೂರಿನ ಎಲೆತೋಟಗಳ ಎಲೆ ದೂರದೂರದ ಪೇಟೆಗಳಿಗೆ ಹೋಗಿ ಹೆಸರು ಮಾಡಿದೆ. ಎಳೆಯ ಎಲೆಯ ಮೇಲೆ ಸುಣ್ಣ ಸವರುತ್ತ ಬಾಗಿಲಲ್ಲಿ ಇನ್ನೊಂದು ಅರ್ಧ ತಾಸು ಮಾತಾಡದೆ ಹೊರಟ ಬೀಗರನ್ನು ಆ ಭಾಗದಲ್ಲಿ ಯಾರೂ ಕಂಡಿಲ್ಲ.

ಈಚಿನ ವರ್ಷಗಳಲ್ಲಿ ನೀರಿಗೂ ಚಹಾಕ್ಕೂ ನಡುವಿನ ಆ ತೆರಪಿಗೆ ಒಂದು ಹೊಸ ತಟ್ಟೆ ಬಂದಿದೆ. ತರುವವರು ಸಾಮಾನ್ಯವಾಗಿ ಬೆಂಗಳೂರಿನಿಂದಲೋ ಪುಣೆಯಿಂದಲೋ ರಜೆಗೆ ಬಂದ ಮೊಮ್ಮಕ್ಕಳು. ಚೀಸಿನ ಗಡ್ಡೆಯೊಂದನ್ನು ಬಟ್ಟಲಲ್ಲಿ ಇಟ್ಟು, ಮೇಲೆ ಹಣ್ಣಿನ ಪಾಕ ಸುರಿದು, ಒಲೆಯಲ್ಲಿ ಬೇಯಿಸಿ, ಬಿಸಿಬಿಸಿಯಾಗಿ ರೊಟ್ಟಿಯ ಚೂರಿನಲ್ಲಿ ಬಳಿದು ತಿನ್ನುವ ತಿನಿಸು ಅದು. ಇದರ ಮೂಲ ಫ್ರಾನ್ಸಿನ ಬ್ರೀ ಮತ್ತು ಕ್ಯಾಮಂಬೆರ್ ಎಂಬ ಮೆತ್ತನೆಯ ಚೀಸುಗಳಲ್ಲಿ ಇದೆ. ಬ್ರೀ ಪ್ಯಾರಿಸ್ಸಿನ ಆಸುಪಾಸಿನದು, ಕ್ಯಾಮಂಬೆರ್ ನಾರ್ಮಂಡಿಯದು. ಎರಡಕ್ಕೂ ಹೊರಗೆ ಬಿಳಿಯ ತೆಳು ಸಿಪ್ಪೆ. ಬಿಸಿ ತಾಗಿದರೆ ಒಳಗಿನದು ಕೆನೆಯಾಗಿ ಕರಗುತ್ತದೆ, ಸಿಪ್ಪೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಅಮೆರಿಕದ ಮನೆಗಳಲ್ಲಿ ಹಬ್ಬದ ದಿನಗಳಂದು ನೆಂಟರ ಮುಂದೆ ಮೊದಲು ಬರುವ ತಟ್ಟೆಗಳಲ್ಲಿ ಇದೂ ಒಂದು. ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಇದು ಸುಲಭವಾಗಿ ಒಗ್ಗಿದೆ: ಮಾಡುವುದಕ್ಕೆ ಕಾಲು ತಾಸು ಸಾಕು, ಸಸ್ಯಾಹಾರಿಗಳಿಗೆಂದು ಸಿಗುವ ಚೀಸು ನೋಡಿ ಆರಿಸಿಕೊಂಡರೆ ಯಾರಿಗೂ ಬೇಡವೆನ್ನುವ ಕಾರಣವಿಲ್ಲ.

ಮೊಮ್ಮಗಳು ಇದನ್ನು ಊರಿನ ಅಡುಗೆಮನೆಯಲ್ಲಿ ಮಾಡಲು ಹೊರಟಾಗ ಅಜ್ಜಿ ಕೇಳುವ ಪ್ರಶ್ನೆ ಬೇರೆ: "ಇದು ಒಡದ ಹಾಲಿಂದೇನ?"

ಈ ಪ್ರಶ್ನೆ ಸಣ್ಣದಲ್ಲ. ಕನ್ನಡದ ಮನೆಗಳಲ್ಲಿ ಹಾಲು ಒಡೆಯಿತೆಂದರೆ ಮನಸ್ಸೂ ಒಂದಿಷ್ಟು ಮುದುಡುತ್ತದೆ. ಹೊಸ ಮನೆಗೆ ಕಾಲಿಡುವಾಗ ಹಾಲು ಉಕ್ಕಬೇಕು. ಪೂರ್ವದ ಕಡೆ ಉಕ್ಕಿದರೆ ಇನ್ನೂ ಒಳ್ಳೆಯದು. ಅದೇ ಹಾಲು ಒಲೆಯ ಮೇಲೆ ಒಡೆದರೆ ಪುರೋಹಿತರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರ ಮುಖದಲ್ಲೂ ಮೋಡ. ಹೆಪ್ಪು ಹಾಕಿ ಮೊಸರು ಮಾಡುವುದು ಬೇರೆ, ಹುಳಿ ಹಿಂಡಿ ಒಡೆಸುವುದು ಬೇರೆ. ಮೊಸರು ಹಾಲಿನ ಬೆಳವಣಿಗೆ, ಒಡೆದದ್ದು ಹಾಲಿನ ಸಾವು ಎಂಬ ಭಾವನೆ ಹಳೆಯ ತಲೆಮಾರಿನ ಹೆಂಗಸರಲ್ಲಿ ಇಂದಿಗೂ ಇದೆ. ಪನ್ನೀರು ಹೋಟೆಲಿನ ಮೂಲಕ ಬಂದುದರಿಂದ ಆ ಭಾವನೆಯನ್ನು ಕೆಣಕದೆ ಹೊರಗೇ ಉಳಿಯಿತು. ಈಗ ಅದು ನಂದಿನಿ ಪೊಟ್ಟಣವಾಗಿ ಊರೂರಿನ ಹಾಲಿನ ಅಂಗಡಿಗೂ ಬಂದಿದೆ. ಆದರೂ ಮನೆಯ ಹಾಲನ್ನು ಬೇಕೆಂದೇ ಒಡೆಸಲು ಎಷ್ಟೋ ಕೈಗಳು ಇನ್ನೂ ಹಿಂದೆಮುಂದೆ ನೋಡುತ್ತವೆ. ಅಜ್ಜಿಯ ಕೈ ಹಾಗೆ ತಡೆಯುವುದರಲ್ಲಿ ಹಾಲಿನ ಮೇಲಿನ ಗೌರವವಿದೆ. ಅದನ್ನು ನಕ್ಕು ತಳ್ಳಿಹಾಕುವುದು ತಪ್ಪು.

ಆದರೆ ಅದೇ ಅಜ್ಜಿಗೆ ಗಿಣ್ಣದ ಹೆಸರು ಹೇಳಿದರೆ ಕಣ್ಣು ಅರಳುತ್ತದೆ.

ಎಮ್ಮೆ ಈದಿದೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬಲು ಯಾವ ಡಂಗುರವೂ ಬೇಕಿಲ್ಲ. ಕೊಟ್ಟಿಗೆಯಲ್ಲಿ ಮೊದಲು ಕರುವಿನ ಪಾಲು. ಹುಟ್ಟಿದ ಕೆಲವೇ ತಾಸುಗಳಲ್ಲಿ ಆ ಮೊದಲ ಹಾಲು ಹೊಟ್ಟೆಗೆ ಸೇರದಿದ್ದರೆ ಕರುವಿಗೆ ರೋಗ ತಡೆಯುವ ಶಕ್ತಿ ಬರುವುದಿಲ್ಲವೆಂದು ಪಶುವೈದ್ಯರು ಹೇಳುತ್ತಾರೆ. ಹಳಬರು ಕಾರಣ ಕೇಳದೆಯೇ ಅದನ್ನು ಪಾಲಿಸಿದ್ದಾರೆ. ಕರು ಕುಡಿದು ಉಳಿದದ್ದು ಅಡುಗೆಮನೆಗೆ. ಹಳದಿ ಬಣ್ಣ, ಕೈಗೆ ಅಂಟುವ ಮಂದ. ಮೊದಲ ಸಲ ಹಿಂಡಿದ್ದಾದರೆ ಒಂದು ಲೋಟಕ್ಕೆ ಎರಡು ಮೂರು ಲೋಟ ಮಾಮೂಲಿ ಹಾಲು ಬೆರೆಸಬೇಕು. ಮರುದಿನದ್ದಕ್ಕೆ ಕಡಿಮೆ ಸಾಕು. ಮೂರು ನಾಲ್ಕು ದಿನ ಕಳೆದರೆ ಅದು ಗಿಣ್ಣದ ಹಾಲಾಗಿ ಉಳಿಯುವುದಿಲ್ಲ. ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ, ಚೂರು ಜಾಜಿಕಾಯಿ ಹಾಕಿ, ತುಪ್ಪ ಸವರಿದ ಬಟ್ಟಲಲ್ಲಿ ಸುರಿದು ಹಬೆಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸುತ್ತಾರೆ. ಕುಕ್ಕರಾದರೆ ಸೀಟಿ ಹಾಕದೆ. ಚಾಕು ಚುಚ್ಚಿದರೆ ಅಂಟದೆ ಬರಬೇಕು. ಹಾಲು ಬೆರೆಸುವುದರಲ್ಲಿ ಜಿಪುಣತನ ಮಾಡಿದರೆ ಗಿಣ್ಣ ಬಿರುಸಾಗಿ ಹಲ್ಲಿನಡಿ ಕಿರುಗುಟ್ಟುತ್ತದೆ, ಜಾಸ್ತಿ ಬೆರೆಸಿದರೆ ಗಟ್ಟಿಯೇ ಆಗುವುದಿಲ್ಲ. ಈ ಹದ ಯಾವ ಪುಸ್ತಕದಿಂದಲೂ ಬರುವುದಿಲ್ಲ. ಹಾಲನ್ನು ಬೆರಳಿಗೆ ಹಚ್ಚಿಕೊಂಡು ನೋಡಿದ ಅತ್ತೆಯಿಂದ ಸೊಸೆಗೆ ಬರುತ್ತದೆ.

ಗಿಣ್ಣದ ಹಾಲನ್ನು ಹಳ್ಳಿಗಳಲ್ಲಿ ಮಾರುತ್ತಿರಲಿಲ್ಲ, ಹಂಚುತ್ತಿದ್ದರು. ಇದು ಈ ಕಥೆಯ ಅತಿ ಚೆಂದದ ಭಾಗ. ಹಾಲಿನ ಡೇರಿಯವರು ಈದ ಮೊದಲ ದಿನಗಳ ಹಾಲನ್ನು ತೆಗೆದುಕೊಳ್ಳುವುದಿಲ್ಲ. ಕಾಯಿಸಿದರೆ ಉಳಿದ ಹಾಲನ್ನೂ ಗಟ್ಟಿ ಮಾಡಿಬಿಡುತ್ತದೆ ಎಂಬುದು ಅವರ ಕಾರಣ. ಹಾಗಾಗಿ ಎಲ್ಲಕ್ಕೂ ಬೆಲೆ ಬಂದ ಈ ಕಾಲದಲ್ಲೂ ಈ ಒಂದು ಹಾಲು ಬಹುಮಟ್ಟಿಗೆ ನೆರೆಮನೆಯವರಿಗೆ ಮೀಸಲಾಗಿ ಉಳಿದಿದೆ. ಚಿಕ್ಕ ತಂಬಿಗೆಯಲ್ಲಿ ಹಾಲು ಹೋಗುತ್ತದೆ, ತಂಬಿಗೆ ಖಾಲಿ ಬರುವುದಿಲ್ಲ. ಒಂದು ಹರಳು ಬೆಲ್ಲವೋ ಹಿಡಿ ಅಕ್ಕಿಯೋ ಅದರೊಳಗೆ ಇರುತ್ತದೆ. ಆ ದಿನ ಮನೆಗೆ ಬೀಗರು ಬಂದರಂತೂ ಮನೆಯಾಕೆಯ ಭಾಗ್ಯವೇ ಭಾಗ್ಯ. ಕರ್ಣಾಕಾರದಲ್ಲಿ ಕೊಯ್ದ ತುಂಡುಗಳು ತಟ್ಟೆಗೆ ಬರುತ್ತವೆ. "ಏನೂ ಬ್ಯಾಡ್ರಿ" ಎಂದವರು ಎರಡನೆಯ ತುಂಡಿಗೆ ತಾವೇ ಕೈ ಚಾಚುತ್ತಾರೆ.

ಹುಳಿ ಹಿಂಡದೆಯೇ ಈ ಹಾಲು ಗಟ್ಟಿಯಾಗುವುದಕ್ಕೆ ಕಾರಣ ಅದರಲ್ಲಿ ತುಂಬಿರುವ ಪ್ರೋಟೀನುಗಳು. ಕರುವನ್ನು ರೋಗದಿಂದ ಕಾಯುವ ಅವೇ ಪ್ರೋಟೀನುಗಳು ಬಿಸಿ ತಾಗಿದಾಗ ಮೊಟ್ಟೆಯ ಬಿಳಿಯಂತೆ ಒಂದಕ್ಕೊಂದು ಹೆಣೆದುಕೊಂಡು ನಿಲ್ಲುತ್ತವೆ. ಅಂದರೆ ಹಾಲು ಒಡೆಯುವುದಿಲ್ಲ, ನಿಲ್ಲುತ್ತದೆ. ಅಜ್ಜಿಯ ಮನಸ್ಸು ಒಪ್ಪುವುದು ಈ ಕಾರಣಕ್ಕೇ ಇರಬೇಕು. ಬೆಂಕಿ, ಹಾಲು, ಸಿಹಿ ಮೂರೂ ಸೇರಿ ಗಟ್ಟಿಯಾಗಿ ಅತಿಥಿಯ ಮುಂದೆ ಬರುವ ತಿನಿಸು ಹಾನಗಲ್ಲಿಗೂ ಹಿರೇಕೆರೂರಿಗೂ ಹೊಸದಲ್ಲ ಎಂದು ಹೇಳಲು ಗಿಣ್ಣದ ಒಂದು ಬಟ್ಟಲು ಸಾಕು. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ, ಏಕೆಂದರೆ ಒಡೆದ ಹಾಲಿನ ಮಾತೂ ಕನ್ನಡಕ್ಕೆ ಹೊಸದಲ್ಲ.

ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನೆಂಬ ಕವಿ 'ಲೋಕೋಪಕಾರ' ಎಂಬ ಕನ್ನಡ ಗ್ರಂಥ ಬರೆದ. ಹೆಸರಿಗೆ ತಕ್ಕಂತೆ ಲೋಕಕ್ಕೆ ಬೇಕಾದದ್ದೆಲ್ಲ ಅದರಲ್ಲಿದೆ: ಜ್ಯೋತಿಷ, ಬಾವಿ ತೋಡಲು ನೀರು ಹುಡುಕುವುದು, ಗಿಡಮರಗಳ ಆರೈಕೆ, ಸುಗಂಧ, ಮದ್ದು, ಅಡುಗೆ. ಆ ಅಡುಗೆಯ ಭಾಗದಲ್ಲಿ ಹಾಲನ್ನು ಗಟ್ಟಿಮಾಡುವ ವಿಧಾನಗಳು ಬರುತ್ತವೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಭಾರತದ ಊಟದ ಚರಿತ್ರೆ ಬರೆಯುವಾಗ ಇವನ್ನು ಎತ್ತಿ ತೋರಿಸಿದ್ದಾರೆ. ಬೆಚ್ಚಗಿನ ಎಮ್ಮೆಯ ಹಾಲಿಗೆ ಕೀರೆಯ ಬೇರನ್ನೋ ಕೆರೆಯಂಚಿನಲ್ಲಿ ಬೆಳೆಯುವ ಕೊಳವಳಿಕೆ ಗಿಡದ ಎಲೆಯನ್ನೋ ಬಳಸಿ ಹೆಪ್ಪುಗಟ್ಟಿಸಿದರೆ ಮೆತ್ತನೆಯ ಗಡ್ಡೆ ಸಿಗುತ್ತದೆ. ಅದಕ್ಕೆ 'ಹಾಲುವುಗ' ಎಂದು ಹೆಸರು. ತುತ್ತಿಯ ಗಿಡ ಬಳಸಿ ಗಟ್ಟಿ ಮಾಡಿದ ಇನ್ನೊಂದು ಬಗೆಯನ್ನು ಉಂಡೆ ಕಟ್ಟಿ ಸಿಹಿಗೆ ಬಳಸುತ್ತಿದ್ದರು. ಈ ಮೂರು ಗಿಡಗಳೂ ಇಂದಿಗೂ ಹಾವೇರಿ ಜಿಲ್ಲೆಯ ಹೊಲದ ಬದುವಿನಲ್ಲಿ, ಕೆರೆಯ ದಂಡೆಯಲ್ಲಿ, ಹಿತ್ತಲಲ್ಲಿ ಬೆಳೆಯುವಂಥವು. ತುತ್ತಿಯ ಹಳದಿ ಹೂವನ್ನೂ ಚಕ್ರದಂಥ ಕಾಯಿಯನ್ನೂ ಹಳ್ಳಿಯ ಮಕ್ಕಳಿಗೆ ತೋರಿಸಿಕೊಡಬೇಕಾಗಿಲ್ಲ.

ಅದಾಗಿ ನೂರು ವರ್ಷಕ್ಕೆ ಅದೇ ವಂಶದ ಮೂರನೆಯ ಸೋಮೇಶ್ವರ ಪಟ್ಟಕ್ಕೆ ಬಂದ. 1126ರಿಂದ 1138ರವರೆಗೆ ಆಳಿದ ಈ ದೊರೆ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಊಟದ ದೊಡ್ಡ ವಿವರಣೆಯೇ ಇದೆ. ಕಾಯಿಸಿದ ಹಾಲಿಗೆ ಹುಳಿ ಹಾಕಿ ಒಡೆಸಿ, ಗಟ್ಟಿಯನ್ನು ಬೇರ್ಪಡಿಸಿ, ಅಕ್ಕಿಹಿಟ್ಟು ಬೆರೆಸಿ, ಕರಿದು ಸಕ್ಕರೆಯಲ್ಲಿ ಅದ್ದುವ 'ಕ್ಷೀರಪ್ರಕಾರ' ಅದರಲ್ಲಿ ಬರುತ್ತದೆ. ಆಗ ಹಾನಗಲ್ಲು ಪಾನುಂಗಲ್ಲಾಗಿತ್ತು; ಚಾಲುಕ್ಯರ ಸಾಮಂತರಾದ ಕದಂಬರ ರಾಜಧಾನಿ. ತಾರಕೇಶ್ವರ ಗುಡಿಯಲ್ಲಿ ತಲೆಯೆತ್ತಿ ನೋಡಿದರೆ ಕಾಣುವ ಆ ಮಹಾ ಕಮಲದ ಛಾವಣಿ ಆ ವೈಭವದ ಕಾಲದ್ದು. ಕಲ್ಯಾಣದಿಂದ ಅಧಿಕಾರಿಗಳೋ ದೂತರೋ ಬಂದಾಗ ಪಾನುಂಗಲ್ಲಿನ ಅರಮನೆಯಲ್ಲಿ ಅವರ ಮುಂದೆ ಏನಿಟ್ಟರೆಂಬುದನ್ನು ಯಾವ ಶಾಸನವೂ ಕೊರೆದಿಟ್ಟಿಲ್ಲ. ಆದರೆ ಒಡೆಯನ ಊಟದ ರೀತಿ ಸಾಮಂತನ ಮನೆಗೆ ಬರದೆ ಇರುತ್ತದೆಯೇ?

ಹೀಗೆ ನೋಡುತ್ತ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ಮೊಮ್ಮಗಳ ತಟ್ಟೆಯಲ್ಲಿ ಪರದೇಶದ್ದು ಯಾವುದು? ಚೀಸಿನ ಬಳಗದ ತಿನಿಸು ಸಾವಿರ ವರ್ಷದ ಹಿಂದಿನ ಕನ್ನಡದ ಓಲೆಗರಿಯಲ್ಲೇ ಇದೆ. ಮೇಲೆ ಉದುರಿಸುವ ಬ್ಯಾಡಗಿ ಮೆಣಸಿನಕಾಯಿ? ಅದು ಈ ಜಿಲ್ಲೆಯ ಹೆಮ್ಮೆ. ಕಡುಗೆಂಪು ಬಣ್ಣಕ್ಕೂ ಸೌಮ್ಯ ಖಾರಕ್ಕೂ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದದ್ದು. ಆದರೆ ಅದರ ಪೂರ್ವಿಕರು ಅಮೆರಿಕ ಖಂಡದವರು, ಪೋರ್ಚುಗೀಸರ ಹಡಗಿನಲ್ಲಿ ಬಂದವರು. ಚಾವುಂಡರಾಯ ಮೆಣಸಿನಕಾಯಿ ಕಂಡವನಲ್ಲ; ಅವನ ಖಾರವೆಲ್ಲ ಕರಿಮೆಣಸು, ಶುಂಠಿ, ಹಿಪ್ಪಲಿಯದು. ಹಾನಗಲ್ಲಿನ ತೋಟಗಳ ಆಪೂಸು? ಮಾವು ಈ ನೆಲದ್ದೇ, ಆದರೆ ಕಸಿ ಕಟ್ಟಿ ಆ ತಳಿಯನ್ನು ಬೆಳೆಸಿದ್ದು ಗೋವೆಯ ಪೋರ್ಚುಗೀಸರ ಕಾಲದಲ್ಲಿ, ಹೆಸರು ಅವರ ಗವರ್ನರ್ ಅಫೋನ್ಸೊ ಡಿ ಅಲ್ಬುಕರ್ಕ್‌ನದು. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದು. ತಟ್ಟೆಯಲ್ಲಿ ಹೊಸ ನೆಂಟನೆಂದು ಎಲ್ಲರೂ ದಿಟ್ಟಿಸಿ ನೋಡುವ ಚೀಸೇ ಇವರೆಲ್ಲರಿಗಿಂತ ಹಿರಿಯ ಮನೆಮಗ.

ಬಂದವರನ್ನು ತನ್ನವರಾಗಿಸಿಕೊಳ್ಳುವ ಗುಣ ಈ ಸೀಮೆಯ ಮಣ್ಣಿಗೇ ಇದೆ ಎನ್ನಲು ಸವಣೂರಿನ ಕೆಲವು ಮರಗಳು ಸಾಕ್ಷಿ. ಅಲ್ಲಿನ ಮಠವೊಂದರ ಆವರಣದಲ್ಲಿ ನಿಂತಿರುವ ಆ ದೈತ್ಯ ಕಾಂಡಗಳನ್ನು ಊರವರು ದೊಡ್ಡ ಹುಣಸೆ ಎನ್ನುತ್ತಾರೆ. ಹುಣಸೆಗೂ ಅದಕ್ಕೂ ನಂಟಿಲ್ಲ. ಅದು ಆಫ್ರಿಕದ ಬಾವೊಬಾಬ್. ಹತ್ತಾರು ಜನ ಕೈಕೈ ಹಿಡಿದರೆ ಮಾತ್ರ ಬಳಸಿ ನಿಲ್ಲಬಹುದಾದ ಸುತ್ತಳತೆ, ಐದು ಬೆರಳಿನ ಹಾಗೆ ಹರಡಿದ ಎಲೆ, ಇರುಳಲ್ಲಿ ಅರಳುವ ಬಿಳಿ ಹೂವು. ಕಾಯಿಯನ್ನು ಒಡೆದರೆ ಒಳಗೆ ಹುಳಿಯಾದ ಒಣ ತಿರುಳು. ಆಫ್ರಿಕದ ದನಗಾಹಿಗಳು ಈ ತಿರುಳನ್ನು ಹಾಲಿಗೆ ಬೆರೆಸಿ ಕುಡಿಯುತ್ತಾರೆ. ಅಲ್ಲಿಯೂ ಹಾಲು, ಅಲ್ಲಿಯೂ ಹಣ್ಣು! ದನ ಸಾಕುವ ಜನ ಎಲ್ಲಿದ್ದರೂ ಹಣ್ಣಿನ ಹುಳಿ-ಸಿಹಿಯನ್ನು ಹಾಲಿನ ಪಕ್ಕಕ್ಕೆ ತರದೆ ಬಿಟ್ಟಿಲ್ಲ. ನಮ್ಮ ಸೀಕರಣೆಯೂ ಅದೇ ಸಾಲಿನದು. ಕಾರಹುಣ್ಣಿವೆಯ ಆಸುಪಾಸಿನಲ್ಲಿ ಬೀಗರು ಬಂದರೆ ಮಾವಿನ ರಸಕ್ಕೆ ಹಾಲು, ಬೆಲ್ಲ, ಏಲಕ್ಕಿ ಬೆರೆಸಿ, ಹೋಳಿಗೆಯ ಪಕ್ಕ ಬಟ್ಟಲು ತುಂಬಿಸುವುದು ಹಾನಗಲ್ಲಿನ ಮನೆಗಳ ಮರ್ಯಾದೆ.

ಅತಿಥಿಯ ಮುಂದೆ ಏನಿಡಬೇಕೆಂಬ ಪ್ರಶ್ನೆಯನ್ನು ಕಾವ್ಯವಾಗಿಸಿದವರೂ ಈ ನೆಲದವರೇ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ 'ರಾಮಧಾನ್ಯ ಚರಿತ್ರೆ'ಯ ಮುಖ್ಯ ಕಥೆ ಶುರುವಾಗುವುದೇ ಒಂದು ಸತ್ಕಾರದಿಂದ. ಲಂಕೆಯಿಂದ ಮರಳುವ ರಾಮ ಋಷಿಯ ಆಶ್ರಮದಲ್ಲಿ ತಂಗುತ್ತಾನೆ, ಮುನಿಗಳು ಬಗೆಬಗೆಯ ಭಕ್ಷ್ಯಗಳನ್ನು ತರುತ್ತಾರೆ. ಯಾವ ಧಾನ್ಯ ಶ್ರೇಷ್ಠವೆಂಬ ಮಾತು ಏಳುತ್ತದೆ. ಗೌತಮರು ನರೆದಲಗವನ್ನು, ಅಂದರೆ ರಾಗಿಯನ್ನು ಹೊಗಳುತ್ತಾರೆ, ಭತ್ತ ಸಿಡಿದೇಳುತ್ತದೆ. ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಭತ್ತ ಕಂದಿರುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ರಾಮ ಅದಕ್ಕೆ ತನ್ನ ಹೆಸರನ್ನೇ ಕೊಡುತ್ತಾನೆ. ಬಡವನ ಮನೆಯ ಕಾಳು ದೊರೆಯ ಅತಿಥಿಪಂಕ್ತಿಯಲ್ಲಿ ಎದೆ ಸೆಟೆಸಿ ಮಾತಾಡುವುದನ್ನು ಬರೆಯಲು ಬಾಡದ ಹೊಲಗಳನ್ನು ಕಂಡ ಕಣ್ಣೇ ಬೇಕಿತ್ತು.

ಹಾನಗಲ್ಲಿನಲ್ಲಿ ಇನ್ನೂ ಒಂದು ಸತ್ಕಾರದ ನೆನಪಿದೆ. ಇಲ್ಲಿನ ವಿರಕ್ತಮಠದ ಕುಮಾರ ಸ್ವಾಮಿಗಳು ಕಣ್ಣಿಲ್ಲದ ಬಡ ಹುಡುಗನೊಬ್ಬನನ್ನು ಕರೆದು ಅನ್ನವನ್ನೂ ಹಾಡನ್ನೂ ಕೊಡಿಸಿದರು. ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಆ ಹುಡುಗ ಪಂಚಾಕ್ಷರಿ ಗವಾಯಿಗಳಾದರು. ಅದೇ ತಾಲ್ಲೂಕಿನ ದೇವಗಿರಿಯಿಂದ ಬಂದ ಪುಟ್ಟರಾಜ ಗವಾಯಿಗಳು ಅವರ ಶಿಷ್ಯರಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇಂದಿಗೂ ಹಾಡಿಗೆ ಮೊದಲು ಊಟವಿದೆ. ಬಂದವರು ಯಾರೆಂದು ಕೇಳುವ ಮೊದಲು ಉಂಡಿರಾ ಎಂದು ಕೇಳುವ ಈ ಅಭ್ಯಾಸ ಮಠದಿಂದ ಮನೆಗೆ ಬಂತೋ ಮನೆಯಿಂದ ಮಠಕ್ಕೆ ಹೋಯಿತೋ ಹೇಳುವುದು ಕಷ್ಟ.

ಮತ್ತೆ ಅಡುಗೆಮನೆಗೆ ಬರೋಣ, ಅಲ್ಲಿ ಮೊಮ್ಮಗಳು ಕಾಯುತ್ತಿದ್ದಾಳೆ. ಹಾನಗಲ್ಲಿನ ಅಂಗಡಿಯಲ್ಲಿ ಬ್ರೀ ಸಿಗುವುದಿಲ್ಲ. ಸಿಗಬೇಕಾಗಿಯೂ ಇಲ್ಲ. ಇನ್ನೂರು ಗ್ರಾಂ ಪನ್ನೀರು, ಅದರ ಅರ್ಧದಷ್ಟು ಮಾಮೂಲಿ ಚೀಸು, ಎರಡು ಚಮಚ ಮನೆಯ ಹಾಲಿನ ಕೆನೆ ಇದ್ದರೆ ಸಾಕು. ಪನ್ನೀರು, ಚೀಸು ಎರಡನ್ನೂ ಬೆರೆಸಬೇಕೆಂಬುದಕ್ಕೆ ಕಾರಣವಿದೆ. ಪನ್ನೀರು ಒಂದೇ ಇದ್ದರೆ ಎಷ್ಟು ಬೇಯಿಸಿದರೂ ಕರಗುವುದಿಲ್ಲ. ಕುದಿಯುವ ಹಾಲಿಗೆ ಹುಳಿ ಬಿದ್ದಾಗ ಹಾಲಿನ ಸುಣ್ಣದಂಶ ನೀರಿಗೆ ಇಳಿದುಹೋಗಿ ಪ್ರೋಟೀನುಗಳು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಆಮೇಲಿನ ಬಿಸಿ ಅವನ್ನು ಇನ್ನಷ್ಟು ಬಿಗಿ ಮಾಡುತ್ತದೆಯೇ ಹೊರತು ಸಡಿಲಿಸುವುದಿಲ್ಲ. ಹದವಾದ ಬಿಸಿಯಲ್ಲಿ ಹೆಪ್ಪುಗಟ್ಟಿಸಿದ ಚೀಸಿನಲ್ಲಿ ಆ ಸುಣ್ಣದಂಶ ಉಳಿದಿರುವುದರಿಂದ ಕಾವು ತಾಗಿದಾಗ ಹೆಣಿಗೆ ಸಡಿಲಾಗಿ ಹರಿಯುತ್ತದೆ. ಪನ್ನೀರು ಮೈ ಕೊಡುತ್ತದೆ, ಚೀಸು ಜಿನುಗು ಕೊಡುತ್ತದೆ. ಎಮ್ಮೆಯ ಹಾಲಿನಿಂದ ಚೀಸು ಮಾಡಿ ಭಾರತದ ಮನೆಮನೆಗೆ ಮುಟ್ಟಿಸಿದ್ದು ಗುಜರಾತಿನ ಆಣಂದದಲ್ಲಿ 1946ರಲ್ಲಿ ಹುಟ್ಟಿದ ಸಹಕಾರ ಸಂಘ, ಅಂದರೆ ಅಮುಲ್. ಲೋಕೋಪಕಾರ ಹೇಳಿದ್ದೂ ಎಮ್ಮೆಯ ಹಾಲನ್ನೇ ಎಂಬುದನ್ನು ನೆನೆದರೆ ಖುಷಿಯಾಗುತ್ತದೆ.

ಪನ್ನೀರನ್ನು ಕೈಯಲ್ಲೇ ಪುಡಿಮಾಡಿ, ತುರಿದ ಚೀಸು, ಕೆನೆ ಸೇರಿಸಿ ಚೆನ್ನಾಗಿ ನಾದಬೇಕು. ಉಪ್ಪು ಬೇಡ, ಚೀಸಿನಲ್ಲೇ ಇದೆ. ತುಪ್ಪ ಸವರಿದ ಸ್ಟೀಲಿನ ಬಟ್ಟಲಿಗೆ ಎರಡು ಬೆರಳಿನ ಎತ್ತರಕ್ಕೆ ಅದುಮಬೇಕು. ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಪಾತ್ರೆಯಲ್ಲಿ ಒಂದು ಪದರ ಕಲ್ಲುಪ್ಪು ಹರಡಿ, ಮೇಲೊಂದು ಉಂಗುರವಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿದರೆ ಅದೇ ಓವನ್. ಸವಣೂರಿನ ಮುಸಲ್ಮಾನರ ಮನೆಗಳಲ್ಲಿ ಬಿರಿಯಾನಿಗೆ ದಮ್ ಕೊಡುವಾಗ ಮುಚ್ಚಳದ ಮೇಲೂ ಕೆಂಡ ಹರಡುವುದನ್ನು ಕಂಡವರಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ; ಕಾವು ಕೆಳಗಿನಿಂದಷ್ಟೇ ಬಂದರೆ ತಳ ಸೀಯುತ್ತದೆ, ಸುತ್ತಲಿಂದ ಬಂದರೆ ಬೇಯುತ್ತದೆ. ಬಟ್ಟಲನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಕಾಲು ತಾಸು ಇಟ್ಟರೆ ಅಂಚುಗಳು ನೊರೆನೊರೆಯಾಗಿ ಬಿಡುತ್ತವೆ. ಓವನ್ ಇದ್ದವರಿಗೆ 200 ಡಿಗ್ರಿಯಲ್ಲಿ ಹನ್ನೆರಡು ನಿಮಿಷ ಸಾಕು.

ಇನ್ನು ಹಣ್ಣು. ಮಾಗಿದ ಆಪೂಸಿನ ಹೋಳು ಹಾಕುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಬಿಸಿಗೆ ಅದು ನೀರು ಬಿಟ್ಟು ಚೀಸನ್ನು ತೇಲಿಸುತ್ತದೆ. ಪಕ್ಕದ ಬನವಾಸಿ ಸೀಮೆಯ ಅನಾನಸು ಒಳ್ಳೆಯದೇ, ಆದರೆ ಹಸಿಯಾಗಿ ಹಾಕಬಾರದು: ಅದರೊಳಗಿನ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುತ್ತದೆ. ಬೆಲ್ಲದಲ್ಲಿ ಕುದಿಸಿದರೆ ಆ ಕಾಟವಿಲ್ಲ. ಎಲ್ಲಕ್ಕಿಂತ ಮಿಗಿಲಾದದ್ದು ಭರಣಿಯಲ್ಲಿ ಕಾಯುತ್ತಿರುವ ಗುಳಂಬ. ಹುಳಿ ಮಾವಿನಕಾಯಿ ಮತ್ತು ಬೆಲ್ಲದ ಆ ಹೊಂಬಣ್ಣದ ಪಾಕದಲ್ಲಿ ಹುಳಿ, ಸಿಹಿ, ಏಲಕ್ಕಿಯ ಘಮ ಮೂರೂ ಇವೆ. ಚೀಸಿನ ಉಪ್ಪುಪ್ಪಾದ ಜಿಡ್ಡಿಗೆ ಹುಳಿಯೇ ಜೋಡಿ. ಫ್ರೆಂಚರ ಏಪ್ರಿಕಾಟು ಜಾಮಿಗಿಂತ ಇದು ಒಂದು ಕೈ ಮೇಲು ಎಂದು ಹೇಳಲು ಹಿಂಜರಿಕೆ ಬೇಡ. ಮೊದಲೇ ಹಾಕಿದರೆ ಬೆಲ್ಲ ಸೀಯುತ್ತದೆ. ಇಳಿಸಲು ಐದು ನಿಮಿಷ ಇರುವಾಗ ಮೂರು ಚಮಚ ಹರಡಿ, ಒರಟಾಗಿ ಕುಟ್ಟಿದ ಶೇಂಗಾ, ಚಿಟಿಕೆ ಬ್ಯಾಡಗಿ ಮೆಣಸಿನಕಾಯಿಯ ತರಿ ಉದುರಿಸಿ ಮತ್ತೆ ಮುಚ್ಚಬೇಕು.

ಇದನ್ನು ಯಾವುದರಲ್ಲಿ ಬಳಿದು ತಿನ್ನಬೇಕು? ಅಂಗಡಿಯ ಉಪ್ಪು ಬಿಸ್ಕತ್ತು ತರಲು ಹೊರಟ ಹುಡುಗನನ್ನು ಅಜ್ಜಿ ತಡೆದು ನಿಲ್ಲಿಸುತ್ತಾಳೆ. ಬುಟ್ಟಿಯಲ್ಲಿ ಖಡಕ್ ರೊಟ್ಟಿ ಇದೆಯಲ್ಲ! ತೆಳ್ಳಗೆ ಬಡಿದ ಬಿಳಿಜೋಳದ ರೊಟ್ಟಿ, ಮೇಲೆ ಎಳ್ಳು, ಮುರಿದರೆ ಸದ್ದಾಗುವಂಥದ್ದು. ಅದರ ಚೂರು ಬಿಸಿ ಚೀಸಿನೊಳಗೆ ಇಳಿದು, ಒಂದೆಳೆ ಗುಳಂಬವನ್ನು ಹೊತ್ತು ಮೇಲೆ ಬರುತ್ತದೆ. ತಟ್ಟೆಯ ಒಂದು ಅಂಚಿಗೆ ಸವಣೂರು ಖಾರ ಹಿಡಿಯಷ್ಟು. ಮೊದಲ ತುತ್ತು ಬಾಯಿಗಿಟ್ಟ ಬೀಗರು ಮಾತು ನಿಲ್ಲಿಸಿ, ಒಳಗಿನ ಕಡೆ ಕೊರಳು ಚಾಚಿ, "ಇದೇನ್ರೀ ಅಕ್ಕಾರ, ಗಿಣ್ಣ ಮಾಡೀರೇನು?" ಎಂದು ಕೇಳುತ್ತಾರೆ. ಅಜ್ಜಿ ಮೊಮ್ಮಗಳ ಮುಖ ನೋಡಿ, "ಹೂಂರಿ, ನಮ್ಮ ಹುಡುಗಿ ಮಾಡಿದ ಗಿಣ್ಣ" ಎನ್ನುತ್ತಾಳೆ.

ಗುಳಂಬ ಇಲ್ಲದ ಮನೆಯವರು ಯುಗಾದಿ ಕಳೆದು ಮಾವಿನಕಾಯಿ ಗೊರಟ ಕಟ್ಟುವ ಹೊತ್ತಿಗೆ ಸಂತೆಗೆ ಹೋಗಬೇಕು. ಗಾಳಿಗೆ ಉದುರಿದ್ದು ಬೇಡ, ಮರದಿಂದ ಕಿತ್ತ ಗಟ್ಟಿಕಾಯಿಯೇ ಆಗಬೇಕು. ಸಿಪ್ಪೆ ತೆಗೆದು ತುರಿದ ಒಂದು ಕಿಲೋ ಕಾಯಿಗೆ ಒಂದೂಕಾಲು ಕಿಲೋ ಬೆಲ್ಲ, ಹುಳಿ ಜಾಸ್ತಿ ಇದ್ದರೆ ಇನ್ನೊಂದು ಹಿಡಿ. ತುರಿಯನ್ನು ಮೊದಲು ಹಬೆಯಲ್ಲಿ ಬೇಯಿಸಿಕೊಂಡರೆ ಎಳೆ ಮೆತ್ತಗಾಗುತ್ತದೆ, ಆಮೇಲೆ ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬೆರಳ ನಡುವೆ ಒಂದೆಳೆ ಪಾಕ ಬಂದಾಗ ಏಲಕ್ಕಿ ಹಾಕಿ ಇಳಿಸಿ, ಪೂರಾ ಆರಿದ ಮೇಲೆ ಒಣಗಿದ ಭರಣಿಗೆ ತುಂಬಿಸಿ ಬಟ್ಟೆ ಕಟ್ಟಿಡಬೇಕು. ನೀರಿನ ಚಮಚ ತಾಗದಿದ್ದರೆ ಮುಂದಿನ ಮಾವಿನ ಕಾಲದವರೆಗೆ ಇರುತ್ತದೆ. ಮಕ್ಕಳಿರುವ ಮನೆಯಾದರೆ ಎರಡು ಕಿಲೋ ಹಾಕುವುದು ಒಳ್ಳೆಯದು, ಚಪಾತಿಯ ಜೊತೆಗೇ ಅರ್ಧ ಖಾಲಿಯಾಗುತ್ತದೆ.